ಗಂಜಿ ಸಾಲಿನಲ್ಲಿ ಮಾವನವರ ಹೆಸರು

ನಾನು ಮದುವೆಯಾಗಿ ಹಳಿಯಾಳಕ್ಕೆ ಬಂದಾಗ ನಮ್ಮ ಮನೆಯ ಎದುರಿನ ಧರ್ಮಶಾಲೆಯಲ್ಲಿ ದನಗಳು ಮಲಗುತ್ತಿದ್ದವು. ಬಂದ ಮರುವರ್ಷವೋ ಅದರ ಮುಂದಿನ ವರ್ಷವೋ ದನಗಳನ್ನು ಎಬ್ಬಿಸಿ, ನೆಲಕ್ಕೆ ಸೆಗಣಿ ಸಾರಿಸಿ, ಅಲ್ಲಿ ಸರಕಾರದ ಗಂಜಿ ಶುರು ಮಾಡಿದರು. ಅರವತ್ತರ ದಶಕದ ನಡುವಿನ ಕಾಲ ಅದು. ಬಿಳಿ ಜೋಳ ಪೇಟೆಯಿಂದ ಮಾಯವಾಗಿತ್ತು. ದುಡ್ಡು ಹಿಡಿದು ನಿಂತರೂ ಅಂಗಡಿಯವರು ಇಲ್ಲವೆಂದು ಕೈಯಾಡಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಧರ್ಮಶಾಲೆಯ ದೊಡ್ಡ ಹಂಡೆಗಳಲ್ಲಿ ಗಂಜಿ ಕುದಿಯುತ್ತಿತ್ತು, ಇಲ್ಲದವರು ಪಾತ್ರೆ ಹಿಡಿದು ಸಾಲು ನಿಲ್ಲುತ್ತಿದ್ದರು. ಆ ಸಾಲು ಧರ್ಮಶಾಲೆಯ ಬಾಗಿಲಿನಿಂದ ಹೊರಟು, ಬೀದಿಯನ್ನು ಓರೆಯಾಗಿ ದಾಟಿ, ಸರಿಯಾಗಿ ನಮ್ಮ ಕಟ್ಟೆಯ ಮುಂದೆ ಬಂದು ಮುಗಿಯುತ್ತಿತ್ತು.

ಗಂಜಿಗೆ ಯಾರು ತಕ್ಕವರು, ಯಾರು ಅಲ್ಲ ಎಂದು ಹೇಳುವ ಕೆಲಸವನ್ನು ಊರಿನ ಕೆಲವು ಹಿರಿಯರಿಗೆ ಒಪ್ಪಿಸಿದ್ದರು. ಅವರನ್ನು ಪಂಚರು ಎನ್ನುತ್ತಿದ್ದರು. ಆ ಪಂಚರಲ್ಲಿ ನಮ್ಮ ಮಾವನವರೂ ಒಬ್ಬರು. ಮಾವನವರು ಆ ಕೆಲಸವನ್ನು ಅತ್ತೆಯವರಿಗೆ ಒಪ್ಪಿಸಿದ್ದರು.

ಅತ್ತೆಯವರಿಗೆ ಅದಕ್ಕೆ ಬೇಕಾದ ಎಲ್ಲ ಅನುಕೂಲಗಳೂ ಇದ್ದವು. ಕಟ್ಟೆ ಎತ್ತರವಾಗಿತ್ತು, ಕಣ್ಣು ಚುರುಕಾಗಿತ್ತು, ಮಧ್ಯಾಹ್ನ ಬೇರೆ ಕೆಲಸವಿರಲಿಲ್ಲ. ಇರಬೇಕಾದ ಕೆಲಸವೆಲ್ಲ ನನ್ನ ಪಾಲಿಗೆ ಬಂದಿತ್ತು. ಮೊರದಲ್ಲಿ ಶೇಂಗಾ ಹಾಕಿಕೊಂಡು ಸುಲಿಯುತ್ತ ಅವರು ಸಾಲನ್ನು ತುದಿಯಿಂದ ಬುಡದವರೆಗೆ ನೋಡುತ್ತಿದ್ದರು. ತಲೆಗೆ ಎಣ್ಣೆ ಹಚ್ಚಿಕೊಂಡವಳಿಗೆ ಗಂಜಿ ಯಾಕೆ? ಹಚ್ಚದೆ ಬಂದವಳು ಮೈಗಳ್ಳಿ. ನಗುತ್ತ ನಿಂತವಳಿಗೆ ಹಸಿವಿಲ್ಲ. ಮುಖ ಸಣ್ಣಗೆ ಮಾಡಿಕೊಂಡವಳದು ನಾಟಕ. ಇವೆಲ್ಲವುಗಳ ನಡುವೆ ಯಾವುದೋ ಒಂದು ಮುಖವಿದ್ದರೆ ಅದಕ್ಕೆ ಗಂಜಿ ಕೊಡಬಹುದಿತ್ತು. ಅಂಥ ಮುಖ ಆ ಸಾಲಿನಲ್ಲಿ ನನಗಂತೂ ಕಾಣಲಿಲ್ಲ.

ಕಟ್ಟೆಯ ಮೇಲಿನ ತೀರ್ಪು ಊಟದ ಹೊತ್ತಿಗೆ ಮಾವನವರ ತಾಟಿನ ಹತ್ತಿರ ಬರುತ್ತಿತ್ತು.

"ಆ ಮೂಲಿಮನಿ ಆಕಿ ಕೈತುಂಬ ಬಳಿ ಇಟಗೊಂಡು ಬರತಾಳ್ರೀ. ಬಳಿಗಿ ರೊಕ್ಕ ಇದ್ದಾಕಿಗೆ ಗಂಜಿ ಯಾಕ?"

ಮಾವನವರು ತಲೆಯೆತ್ತದೆ ಹೂಂ ಎನ್ನುತ್ತಿದ್ದರು. ಮರುದಿನ ಬಳೆಯ ಹೆಂಗಸನ್ನು ಸಾಲಿನಿಂದ ಹಿಂದಕ್ಕೆ ಕಳಿಸುತ್ತಿದ್ದರು. ಅವು ಗಾಜಿನ ಬಳೆಗಳು. ಗಂಡ ಬದುಕಿರುವವರೆಗೆ ಯಾವ ಹೆಂಗಸೂ ಅವನ್ನು ಬಿಚ್ಚಿಡುವುದಿಲ್ಲ, ಅತ್ತೆಯವರೂ ಬಿಚ್ಚಿಟ್ಟಿರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಧಾರವಾಡದ ತವರಿನಲ್ಲಿ ನನ್ನ ಸಿಟ್ಟಿಗೆ ಒಳ್ಳೆಯ ಹೆಸರಿತ್ತು. ಹಳಿಯಾಳದಲ್ಲಿ ಅದು ಇನ್ನೂ ಹೊಸ ಸೊಸೆ, ಸೆರಗಿನ ಮರೆಯಲ್ಲಿಯೇ ಇರಬೇಕಾಗಿತ್ತು.

ಹಾಗೆ ನೋಡಿದರೆ ನಮ್ಮ ಮನೆಯಲ್ಲಿ ನಾವು ತಿನ್ನುತ್ತಿದ್ದದ್ದೂ ಸರಕಾರದ್ದೇ. ಹಡಗಿನಲ್ಲಿ ಬಂದ ಗೋಧಿ ಮತ್ತು ಕೆಂಪು ಜೋಳ ನಮಗೂ ರೇಷನ್ ಕಾರ್ಡಿನ ಮೇಲೆ ಬರುತ್ತಿತ್ತು. ಆ ಕೆಂಪು ಜೋಳದ ಹಿಟ್ಟಿಗೆ ಜಿಗುಟೇ ಇಲ್ಲ. ರೊಟ್ಟಿ ಬಡಿಯಲು ಕೂತರೆ ಅಂಚು ಒಡೆದು ಹಂಚಿಗೆ ಹೋಗುವ ಮೊದಲೇ ನಾಲ್ಕು ಭಾಗವಾಗುತ್ತಿತ್ತು. "ಧಾರವಾಡದ ಹುಡುಗಿಗೆ ರೊಟ್ಟಿ ಬಡಿಯಾಕ ಬರಂಗಿಲ್ಲ" ಎಂದು ಅತ್ತೆಯವರು ಓಣಿಗೆಲ್ಲ ಹೇಳಿ ಬಂದರು. ಒಂದು ದಿನ ತೋರಿಸಿಕೊಡುತ್ತೇನೆಂದು ತಾವೇ ಕೂತರು. ಅವರ ರೊಟ್ಟಿಯೂ ನಾಲ್ಕು ಭಾಗವಾಯಿತು. ಅವತ್ತಿನಿಂದ ತಪ್ಪು ಜೋಳದ್ದಾಯಿತು. ನಮ್ಮದು ಚೀಲದಲ್ಲಿ ಬರುತ್ತಿತ್ತು, ಸಾಲಿನವರದು ಬೋಗುಣಿಯಲ್ಲಿ ಹೋಗುತ್ತಿತ್ತು. ಅತ್ತೆಯವರ ಲೆಕ್ಕದಲ್ಲಿ ಚೀಲಕ್ಕೂ ಬೋಗುಣಿಗೂ ಬಹಳ ದೂರ.

ಬೋಗುಣಿಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮಾವನವರದು ಬೆಲ್ಲ, ಎಣ್ಣೆ, ಹಗ್ಗದ ವ್ಯಾಪಾರ. ಒಂದು ಹಳೆಯ ಲಾರಿ ಇತ್ತು. ಅದು ದಾಂಡೇಲಿ, ಜೊಯಿಡಾ, ಮನಸ್ಸು ಬಂದರೆ ಕುಂಬಾರವಾಡದ ತನಕವೂ ಸಾಮಾನು ಹೊತ್ತು ಹೋಗುತ್ತಿತ್ತು. ಇದರಿಂದ ಅವರಿಗೆ ಪರಿಚಯ ಬಹಳ. ಮದುವೆಗೆ ಯಾರು ಕರೆದರೂ ಹೋಗುತ್ತಿದ್ದರು, ಯಾವ ಜಾತಿ, ಯಾವ ಮತ ಎಂದು ಕೇಳುತ್ತಿರಲಿಲ್ಲ. ಹೋದಲ್ಲೆಲ್ಲ ಒಂದು ಹಿತ್ತಾಳೆಯ ಬೋಗುಣಿಯನ್ನು ಆಹೇರಿ ಮಾಡುತ್ತಿದ್ದರು. ನಮ್ಮ ಕಡೆ ಆಹೇರಿ ಪಾತ್ರೆಯ ಮೇಲೆ ಕೊಟ್ಟವರ ಹೆಸರು ಕೊರೆಸುವುದು ರೂಢಿ. ಬೇರೆಯವರು ಕಂಠದ ಕೆಳಗೆ ಸಣ್ಣ ಅಕ್ಷರದಲ್ಲಿ ಕೊರೆಸುತ್ತಾರೆ. ಮಾವನವರು ಬೋಗುಣಿಯ ಹೊಟ್ಟೆಯ ಮೇಲೆ, ಹೆಬ್ಬೆರಳಿನ ಗಾತ್ರದ ಅಕ್ಷರಗಳಲ್ಲಿ, ತಮ್ಮ ಹೆಸರು, ಅಡ್ಡಹೆಸರು, ಊರು ಎಲ್ಲವನ್ನೂ ಕೊರೆಸುತ್ತಿದ್ದರು. ಕೆತ್ತುವವನು "ಇವರಿಂದ" ಎಂಬ ಮಾತನ್ನೂ ಸೇರಿಸಲೇ ಎಂದು ಕೇಳಿದ್ದನಂತೆ. ಹೆಸರು ಸಣ್ಣದಾಗುತ್ತದೆ ಎಂದು ಮಾವನವರು ಬೇಡವೆಂದರಂತೆ. ನಮ್ಮ ಕಡೆಯವರು ಸ್ವಂತ ಪಾತ್ರೆಗೂ ಹೆಸರು ಹಾಕಿಸುತ್ತಾರೆ, ಕೊಟ್ಟ ಪಾತ್ರೆಗೂ ಹಾಕಿಸುತ್ತಾರೆ. ಊರವರಿಗೆ ಯಾವುದು ಯಾವುದೆಂದು ಗೊತ್ತಿರುತ್ತದೆ. ಬಸ್ಸಿನಿಂದ ಇಳಿದು ಬಂದವರಿಗೆ ಹೇಗೆ ಗೊತ್ತಾಗಬೇಕು?

ಗಂಜಿಗೆ ಹೋಗುವಾಗ ಯಾರೂ ಸಣ್ಣ ಪಾತ್ರೆ ಒಯ್ಯುವುದಿಲ್ಲ. ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡದು, ಗಟ್ಟಿಯಾದದ್ದು ಯಾವುದೋ ಅದನ್ನೇ ಒಯ್ಯುತ್ತಾರೆ. ಹಳಿಯಾಳದ ಬಡವರ ಮನೆಗಳಲ್ಲಿ ಅದು ಹೆಚ್ಚಾಗಿ ಮದುವೆಗೆ ಬಂದ ಮಾವನವರ ಬೋಗುಣಿ. ಹೀಗೆ ಪ್ರತಿ ಮಧ್ಯಾಹ್ನ ಮಾವನವರ ಹೆಸರು ಸಾಲುಸಾಲಾಗಿ, ಹೊಳೆಯುತ್ತ, ಗಂಜಿಗೆ ನಿಲ್ಲುತ್ತಿತ್ತು. ನಮ್ಮ ಮನೆಯಲ್ಲಿ ಯಾರಿಗೂ ಅದು ವಿಚಿತ್ರವೆನಿಸಿರಲಿಲ್ಲ. ಮಾವನವರು ಕಿಟಕಿಯಿಂದ ನೋಡಿ ಸಂತೋಷಪಟ್ಟದ್ದನ್ನೂ ನಾನು ಕಂಡಿದ್ದೇನೆ.

ಆ ಬೋಗುಣಿಗಳಲ್ಲಿ ಒಂದು ನಮ್ಮ ಓಣಿಯ ಮೆಕ್ಯಾನಿಕ್‌ನ ಹೆಂಡತಿಯದು. ಮೆಕ್ಯಾನಿಕ್ ನಮ್ಮ ಲಾರಿಯನ್ನು ಬದುಕಿಸಿಕೊಂಡು ಬಂದಿದ್ದ ಮುಸಲ್ಮಾನರ ಹುಡುಗ. ಅವನ ಮದುವೆಗೆ ಮಾವನವರು ಬೋಗುಣಿ ಕೊಟ್ಟು, ಶರಬತ್ತು ಕುಡಿದು ಬಂದಿದ್ದರು. ಆ ವರ್ಷ ದಾಂಡೇಲಿ ರಸ್ತೆಯಲ್ಲಿ ಯಾರದೋ ಕಟ್ಟಿಗೆಯ ಲಾರಿ ರಿಪೇರಿ ಮಾಡುವಾಗ ಜಾಕು ಜಾರಿ ಅವನ ಕಾಲು ಸಿಕ್ಕಿಕೊಂಡಿತ್ತು. ಅವನು ಹಾಸಿಗೆ ಹಿಡಿದ. ಹೆಂಡತಿ, ಸಣ್ಣ ಮಕ್ಕಳು, ಹಾಸಿಗೆಯಲ್ಲಿದ್ದ ಅವನು, ಎಲ್ಲರಿಗೂ ದಿನಕ್ಕೊಮ್ಮೆ ಸಿಗುವ ಊಟವೆಂದರೆ ಆ ಬೋಗುಣಿಯ ಗಂಜಿ. ಅದು ತಪ್ಪಿದರೆ ಏನೂ ಇಲ್ಲ. ಇದು ಓಣಿಗೆಲ್ಲ ಗೊತ್ತಿದ್ದ ಸಂಗತಿ, ಆದ್ದರಿಂದ ಅತ್ತೆಯವರೂ ಅವಳ ಬಗ್ಗೆ ಏನೂ ಆಡಿರಲಿಲ್ಲ. ಅವಳು ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಸಾಲಿನ ಕೊನೆಯಲ್ಲಿ ನಿಲ್ಲುತ್ತಿದ್ದಳು. ಮುಖವೇ ಕಾಣದಿದ್ದರೆ ತೀರ್ಪು ಕೊಡುವುದು ಕಷ್ಟ.

ಆಗ ನನ್ನ ನಾದಿನಿಗೆ ಮುಂಡಗೋಡದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ದಾಂಡೇಲಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ತಂದೆಯಿಲ್ಲ, ತಾಯಿ ಊರಿನಲ್ಲಿ ಗದ್ದೆ ನೋಡಿಕೊಂಡಿದ್ದರು. ಹೆಸರಾದ ಮನೆತನ. ಅತ್ತೆಯವರು ಆ ಸಂಬಂಧದ ಮೇಲೆ ಜೀವ ಇಟ್ಟಿದ್ದರು. ಮಾತುಕತೆ ತಂದಿದ್ದ ಹಿರಿಯರೊಬ್ಬರು ಒಂದು ಮಧ್ಯಾಹ್ನ ಬಸ್ಸಿನಿಂದಿಳಿದು, ಸಾಲಿನ ಪಕ್ಕದಲ್ಲೇ ನಡೆದುಕೊಂಡು ನಮ್ಮ ಮನೆಗೆ ಬಂದರು. ಚಹಾ ಮುಟ್ಟಲಿಲ್ಲ. ಮಾವನವರ ಮುಖವನ್ನೇ ನೋಡುತ್ತ ಕೇಳಿದರು.

"ಯಜಮಾನ್ರ, ಮನ್ಯಾಗ ಎಲ್ಲಾ ಆರಾಮ ಐತಲ್ಲ?"

"ಆರಾಮ ಐತ್ರಿ."

"ವ್ಯಾಪಾರ?"

"ನಡದೈತ್ರಿ."

"ಹಂಗಾರ ಗಂಜಿ ಸಾಲಿನ್ಯಾಗ ನಿಮ್ಮ ಮನಿ ಬೋಗುಣಿ ಇಷ್ಟ್ಯಾಕ ನಿಂತಾವ್ರಿ? ಇಷ್ಟ ಮಂದಿ ಏನ್ರಿ ನಿಮ್ಮ ಮನ್ಯಾಗ?"

ಮಾವನವರು ಆಹೇರಿಯ ಕತೆಯನ್ನು ಎಲ್ಲ ಬಿಡಿಸಿ ಹೇಳಿದರು. ಹಿರಿಯರು ತಲೆಯಾಡಿಸಿದರು, ನಂಬಿದಂತೆ ಕಾಣಲಿಲ್ಲ. ಹುಡುಗನ ತಾಯಿ ಬಂದು ಹುಡುಗಿಯನ್ನು ನೋಡುವವರೆಗೆ ತಾವು ಯಾರಿಗೂ ಏನೂ ಹೇಳುವುದಿಲ್ಲ ಎಂದು ಭರವಸೆ ಕೊಟ್ಟು ಹೋದರು. ಅಂಥ ಭರವಸೆ ಕೊಟ್ಟವರು ಬಸ್ ಸ್ಟ್ಯಾಂಡ್ ಮುಟ್ಟುವ ಮೊದಲೇ ಹೇಳಿರುತ್ತಾರೆ. ಸಂಜೆಯ ಹೊತ್ತಿಗೆ ಪೇಟೆಯಲ್ಲಿ ಸುದ್ದಿಯಾಯಿತು. ಇಷ್ಟು ದಿನ ಸಾಲನ್ನು ನೋಡುತ್ತಿದ್ದ ಮನೆಯನ್ನು ಈಗ ಊರು ನೋಡತೊಡಗಿತು.

ಮರುದಿನ ಅತ್ತೆಯವರು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯಲಿಲ್ಲ. ಸಾಲಿನವರಿಗೆಲ್ಲ ಕೇಳುವಂತೆ ಕೂಗಾಡಿದರು.

"ನಮ್ಮ ಹೆಸರು ಹಿಡಕೊಂಡು ಗಂಜಿಗೆ ನಿಂತೀರಲ್ಲ, ನಾಚಿಕಿ ಬರಂಗಿಲ್ಲೇನು? ನನ್ನ ಮಗಳ ಸಂಬಂಧ ತಪ್ಪಿತಂದ್ರ ನಿಮ್ಮನ್ನೆಲ್ಲಾ ನೋಡ್ಕೋತೇನಿ!"

ಆಮೇಲೆ ಅಲ್ಲೇ ಕೂತು ಅತ್ತರು. ಕೂಗಾಡಿದ್ದಕ್ಕಿಂತ ಅತ್ತದ್ದು ನನಗೆ ಕಷ್ಟವಾಯಿತು. ಅವರಿಗೆ ಮಗಳ ಮೇಲೆ ನಿಜವಾದ ಪ್ರೀತಿ ಇತ್ತು.

ಸಾಲಿನವರು ಯಾರೂ ಎದುರಾಡಲಿಲ್ಲ. ಆದರೆ ಮರುದಿನದಿಂದ ಮಾವನವರ ಹೆಸರು ಕಾಣೆಯಾಯಿತು. ಕೆಲವರು ಬೋಗುಣಿಯನ್ನು ತಿರುಗಿಸಿ ಹೆಸರನ್ನು ಹೊಟ್ಟೆಯ ಕಡೆಗೆ ಒತ್ತಿ ಹಿಡಿದರು. ಕೆಲವರು ಹೊರಮೈಗೆ ಒಲೆಯ ಬೂದಿ ಕಲಸಿ ಮೆತ್ತಿಕೊಂಡು ಬಂದರು. ಒಬ್ಬಳು ಬೋಗುಣಿಗೆ ಮಗುವಿನ ಅಂಗಿ ತೊಡಿಸಿದ್ದಳು. ಅತ್ತೆಯವರು ಇದನ್ನೆಲ್ಲ ನೋಡಿ, ತಮ್ಮ ಬೈಗುಳಕ್ಕೆ ಬೆಲೆಯಿದೆ ಎಂದು ಸಮಾಧಾನಪಟ್ಟರು. ಮತ್ತೆ ಮೊರ ಬಂತು, ಶೇಂಗಾ ಬಂತು.

ಹಾಗೆ ಒಂದು ದಿನ ಸುಲಿಯುತ್ತಿದ್ದವರು ಕೈ ನಿಲ್ಲಿಸಿದರು. ಸಾಲಿನ ಕೊನೆಯಲ್ಲಿ ಮೆಕ್ಯಾನಿಕ್‌ನ ಹೆಂಡತಿಯ ಬೋಗುಣಿ. ಹೆಸರಿದ್ದ ಜಾಗದಲ್ಲಿ ಅಂಗೈಯಗಲ ಗೀರುಗೀರು. ಅಕ್ಷರಗಳೇ ಇಲ್ಲ. ಲೋಹವನ್ನು ಯಾವುದರಿಂದಲೋ ಕೆರೆದು ತೆಗೆದಂತಿತ್ತು.

ಇಲ್ಲಿ ಇನ್ನೊಂದು ರೂಢಿ ಹೇಳಬೇಕು. ಹಳೆಯ ಪಾತ್ರೆ ಕೈ ಬದಲಾದರೆ ಹಳೆಯ ಹೆಸರಿನ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಹೊಸ ಹೆಸರು ಕೊರೆಸುತ್ತಾರೆ. ಹೆಸರನ್ನೇ ಕೆರೆದು ತೆಗೆದು, ಜಾಗವನ್ನು ಖಾಲಿ ಬಿಟ್ಟ ಪಾತ್ರೆಯೆಂದರೆ ಕಳವಿನ ಪಾತ್ರೆ. ಅಂಥದ್ದನ್ನು ಯಾವ ಕಂಚುಗಾರನೂ ಕೊಳ್ಳುವುದಿಲ್ಲ. ಇದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು.

ಅತ್ತೆಯವರು ಆವರೆಗೆ ಕಟ್ಟೆ ಬಿಟ್ಟು ಸಾಲಿನ ಹತ್ತಿರ ಇಳಿದವರಲ್ಲ. ಅವತ್ತು ಇಳಿದರು. ತಲೆಯ ಮೇಲೆ ಸೆರಗು ಹೊದ್ದು, ನೆಟ್ಟಗೆ ಹೋಗಿ ಅವಳ ಬೋಗುಣಿಗೆ ಕೈ ಹಾಕಿದರು.

"ಇದು ಯಾರದು?"

"ನಂದ್ರಿ ಅವ್ವಾರ."

"ನಿಂದಾದ್ರ ಹೆಸರೆಲ್ಲಿ?"

ಅವಳು ಬೋಗುಣಿಯ ಕಂಠವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಯಾರ ಮನೀದು ಕದ್ದಿ? ಹೇಳು! ನಮ್ಮ ಬೋಗುಣಿ ಮಾರಿಕೊಂಡು, ಮಂದೀದು ಕದ್ದು ತಂದು, ಸರಕಾರದ ಗಂಜಿ ತಿನ್ನಾಕ ಬಂದಿ?"

ಸಾಲೆಲ್ಲ ತಿರುಗಿ ನೋಡಿತು. ನಾನು ಬಾಗಿಲಲ್ಲಿದ್ದೆ. ಅವಳು ಒಮ್ಮೆ ಅತ್ತೆಯವರನ್ನು ನೋಡಿದಳು, ಒಮ್ಮೆ ಬಾಗಿಲಲ್ಲಿ ನನ್ನ ಹಿಂದೆ ನಿಂತಿದ್ದ ನಾದಿನಿಯನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದಂತಿತ್ತು, ಹೇಳಲಿಲ್ಲ. ಬೋಗುಣಿಯನ್ನು ಬಿಡಿಸಿಕೊಂಡು, ಖಾಲಿಯಾಗಿಯೇ ಎತ್ತಿಕೊಂಡು ಮನೆಗೆ ಹೋದಳು. ಊಟದ ಹೊತ್ತಿಗೆ ತೀರ್ಪು ತಾಟಿನ ಹತ್ತಿರ ಬಂತು. ಮಾವನವರು ಹೂಂ ಎಂದರು.

ಮರುದಿನ ಅವಳು ಬರಲಿಲ್ಲ. ಆಚೆಯ ದಿನವೂ ಬರಲಿಲ್ಲ. ಅವಳ ಮನೆ ನಮ್ಮ ಹಿತ್ತಲಿನ ಗೋಡೆಯಾಚೆ. ಮಕ್ಕಳು ಅಳುವುದು ಮೊದಲ ದಿನ ಕೇಳಿತು. ಆಮೇಲೆ ಕೇಳಲಿಲ್ಲ. ಅತ್ತರೆ ತಡೆದುಕೊಳ್ಳಬಹುದು, ಅಳು ನಿಂತರೆ ತಡೆಯಲಾಗುವುದಿಲ್ಲ.

ಜರಡಿ ಕೇಳಿಕೊಂಡು ಬರುತ್ತೇವೆ ಎಂದು ಹೇಳಿ ನಾನೂ ನಾದಿನಿಯೂ ಹೋದೆವು. ನಮ್ಮ ಮನೆಯಲ್ಲಿ ಮೂರು ಜರಡಿ ಇದ್ದವು. ಸೆರಗಿನ ಕೆಳಗೆ ನಾನು ಬೆಳಗಿನ ರೊಟ್ಟಿ ಕಟ್ಟಿಕೊಂಡಿದ್ದೆ, ಅವು ಎಂದಿನಂತೆ ನಾಲ್ಕು ಭಾಗವಾಗಿದ್ದವು. ಮೆಕ್ಯಾನಿಕ್ ಬಾಗಿಲಿಗೆ ಹತ್ತಿರವೇ ಹೊರಸಿನ ಮೇಲೆ ಮಲಗಿದ್ದ. ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು. ನಮ್ಮನ್ನು ನೋಡಿ ಎದ್ದು ಚಾಪೆ ಕೊಡವಿ ಹಾಸಿದಳು. ಬೋಗುಣಿ ಮೂಲೆಯಲ್ಲಿ ಬೋರಲಾಗಿ ಬಿದ್ದಿತ್ತು.

"ಕದ್ದಿದ್ದಲ್ರಿ ಅಕ್ಕಾರ" ಎಂದು ಮೆಕ್ಯಾನಿಕ್ ಮಲಗಿದಲ್ಲಿಂದಲೇ ಹೇಳಿದ. "ನಿಮ್ಮ ಮಾವನೋರು ಕೊಟ್ಟಿದ್ದ. ನನ್ನ ಹತ್ಯಾರದ ಪೆಟಗ್ಯಾಗಿಂದ ಅರಾ ತಗೊಂಡು ಹೆಸರು ತಿಕ್ಕಿ ತಗದಾಳ. ಕಬ್ಬಿಣ ತಿಕ್ಕೂ ಅರಾ ಅದು, ಹಿತ್ತಾಳಿಗಿ ಹಚ್ಚಬ್ಯಾಡ, ಪಾತ್ರಿ ಕೆಡತೈತಿ ಅಂದೆ. ಕೇಳಲಿಲ್ಲ. ಹೊತ್ತು ಮುಣಗೂ ತನಕಾ ತಿಕ್ಕಿದ್ಲು."

"ಯಾಕ?" ಎಂದೆ.

ಅವಳು ನಾದಿನಿಯನ್ನು ನೋಡಿ ಹೇಳಿದಳು. "ಅವ್ವಾರು ಕಟ್ಟಿ ಮ್ಯಾಲೆ ಕುಂತು ಅಳಾಕತ್ತಿದ್ರಲ್ಲರಿ. ಹುಡುಗಿ ಲಗ್ನ ನನ್ನ ಬೋಗುಣಿ ಸಲುವಾಗಿ ತಪ್ಪೂದು ಬ್ಯಾಡ ಅಂತ ತಗದೆ. ತಿರುಗಿಸಿ ಹಿಡಿಬೌದಿತ್ತು. ಆದ್ರ ತುಂಬಿದ ಮ್ಯಾಲೆ ಸುಡತೈತಿ, ಹೆಂಗ ಬೇಕಾದ್ರ ಹಂಗ ಹಿಡೀಬೇಕಾಕ್ಕೈತಿ. ಹೆಸರು ಕಂಡ ಬಿಡತಿತ್ತು."

"ಅವತ್ತ ಅಲ್ಲೆ ಹೇಳಬೇಕಿಲ್ಲೋ?" ಎಂದು ನಾನು ಕೇಳಿದೆ.

"ಅಷ್ಟ ಮಂದಿ ಮುಂದ ಹೇಳಿದ್ರ ಮತ್ತ ಅದ ಹೆಸರು ಎಲ್ಲಾರ ಬಾಯಾಗ ಬರತಿತ್ತಲ್ಲರಿ. ಹಂಗಾರ ನಾ ತಿಕ್ಕಿದ್ದು ಯಾಕ?"

ನಾದಿನಿ ಅಳತೊಡಗಿದಳು. ನನಗೆ ಅಳು ಬರಲಿಲ್ಲ, ಸೆರಗಿನ ಮರೆಯಲ್ಲಿದ್ದ ಸಿಟ್ಟು ಹೊರಗೆ ಬಂತು. ರೊಟ್ಟಿ ಇಟ್ಟು ಎದ್ದೆ. ಜರಡಿ ಮರೆತೆ.

ಮನೆಗೆ ಬಂದು ಅತ್ತೆಯವರ ಎದುರು ನಿಂತು ಕೇಳಿದ್ದನ್ನೆಲ್ಲ ಹೇಳಿದೆ. ಸೆರಗು ಜಾರಿದ್ದೂ ತಿಳಿಯಲಿಲ್ಲ, ದನಿ ಏರಿದ್ದೂ ತಿಳಿಯಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಮಾವನವರು ಬಂದು ನಿಂತಿದ್ದರು. ಇವತ್ತು ನನ್ನನ್ನು ಧಾರವಾಡದ ಬಸ್ಸಿಗೆ ಹತ್ತಿಸುತ್ತಾರೆ ಎಂದುಕೊಂಡೆ. ಅತ್ತೆಯವರು ಒಲೆಯ ಮುಂದಿನ ಮಣೆಯ ಮೇಲೆ ಕೂತೇ ಇದ್ದರು. ಒಲೆಯ ಕೊಳ್ಳಿಯನ್ನು ಹಿಂದಕ್ಕೆ ಎಳೆದು, ನನ್ನ ಕಡೆ ನೋಡದೆ, ಮಾವನವರಿಗೆ ಹೇಳಿದರು.

"ನಿಮ್ಮ ಪಂಚರಿಗೆ ಹೇಳ್ರಿ, ಆಕಿಗೆ ಗಂಜಿ ಹಾಕಬೇಕಂತ."

"ಯಾಕ ಅಂತ ಕೇಳಿದ್ರ ಏನ ಹೇಳ್ಲಿ?"

"ನನಗ ತಿಳೀಲಿಲ್ಲ ಅಂತ ಹೇಳ್ರಿ."

ಮಾವನವರಿಗೆ ಇದು ಹೊಸ ಮಾತು. "ಏನಂದಿ?" ಎಂದು ಇನ್ನೊಮ್ಮೆ ಕೇಳಿದರು. ಅತ್ತೆಯವರು ಎರಡನೆಯ ಸಲ ಹೇಳಲಿಲ್ಲ.

ಕೋಣೆಗೆ ಹೋಗಿ, ಎಲ್ಲಿ ಬಚ್ಚಿಟ್ಟಿದ್ದರೋ, ಒಂದು ಮೊರ ಬಿಳಿ ಜೋಳ ತೆಗೆದರು. ನಮಗೇ ತೋರಿಸದ ಜೋಳ. ಅದನ್ನು ಹಿಡಿದು ಹಿತ್ತಲ ಬಾಗಿಲಿನಿಂದ ಹೊರಟರು, ನಾನು ಹಿಂದೆ ಹೋದೆ. ಮೆಕ್ಯಾನಿಕ್‌ನ ಹೆಂಡತಿ ಹೊಸ್ತಿಲಿಗೆ ಬಂದಳು. ಜೋಳ ನೋಡಿದಳು, ಕೈ ಚಾಚಲಿಲ್ಲ.

"ಬ್ಯಾಡ್ರಿ ಅವ್ವಾರ."

"ಯಾಕ, ನನ್ನ ಮ್ಯಾಲೆ ಸಿಟ್ಟೇನು?"

"ಸಿಟ್ಟಲ್ರಿ. ಸರಕಾರದ್ದಾದ್ರ ತಗೊಂಡು ಮನಿಗಿ ಬರತೇನಿ, ಸರಕಾರ ಯಾರಂತ ನನಗ ಗೊತ್ತಿಲ್ಲ, ನಾ ಯಾರಂತ ಅದಕ್ಕ ಗೊತ್ತಿಲ್ಲ. ನಿಮ್ಮದು ಉಂಡ್ರ ದಿನಾ ನಿಮ್ಮ ಕಟ್ಟಿ ಮುಂದ ತೆಲಿ ತಗ್ಗಿಸಿ ಹೋಗಬೇಕಾಕ್ಕೈತ್ರಿ. ಗಂಜೀನ ಇರ್ಲಿ."

ಈ ಮಾತು ಅತ್ತೆಯವರಿಗೆ ನಾಟಿತು. ಮುಖದಲ್ಲೇ ಕಾಣಿಸಿತು. ಮೊರ ಹಿಡಿದುಕೊಂಡು ಹಾಗೇ ತಿರುಗಿ ಬಂದರು. ಮತ್ತೆ ಹೋಗುವಾಗ ಕೈಯಲ್ಲಿ ನಮ್ಮ ಅಡುಗೆಮನೆಯ ಬೋಗುಣಿ ಇತ್ತು. ಅದು ನಮ್ಮ ಸ್ವಂತದ್ದು, ಹೊಸದಾಗಿ ಕಲಾಯಿ ಹಾಕಿಸಿದ್ದು, ಎಲ್ಲಕ್ಕಿಂತ ದೊಡ್ಡದು. ಮಾವನವರು ಆಹೇರಿಗೇ ಅಷ್ಟು ದೊಡ್ಡ ಅಕ್ಷರ ಕೊರೆಸಿದ ಮೇಲೆ ಸ್ವಂತದ್ದರ ಮೇಲೆ ಎಷ್ಟು ದೊಡ್ಡದು ಕೊರೆಸಿರಬೇಡ? ಬೀದಿಯ ಆ ಬದಿಯಿಂದ ಓದಬಹುದಿತ್ತು.

"ನಿನ್ನ ಬೋಗುಣಿ ನಾ ಕೆಡಿಸಿದಂಗಾತು. ಅದನ್ನ ನನಗ ಕೊಡು, ಇದನ್ನ ತಗೋ. ಇದು ಕೊಟ್ಟಿದ್ದಲ್ಲ, ಬದಲಿ. ಬದಲಿಗೆ ತೆಲಿ ತಗ್ಗಸಬೇಕಾಗಿಲ್ಲ."

ಅವಳು ತೆಗೆದುಕೊಂಡಳು. ಅತ್ತೆಯವರು ನಾಲ್ಕು ಹೆಜ್ಜೆ ಬಂದು ಮತ್ತೆ ತಿರುಗಿದರು.

"ಹೆಸರು ಹೊರಗ ಕಾಣೂ ಹಂಗ ಹಿಡಿ. ಸುಟ್ಕೋಬ್ಯಾಡ."

ಮರುದಿನ ಅವಳು ಸಾಲಿಗೆ ಬಂದಳು. ಮಾವನವರ ಹೆಸರು ಮತ್ತೆ ಬೀದಿಗೆ ಬಂತು. ಅದನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಬೂದಿ ತೊಳೆದು ಬಂದರು, ಬೋಗುಣಿಯ ಅಂಗಿ ಮಗುವಿನ ಮೈಗೆ ಹೋಯಿತು. ಅತ್ತೆಯವರು ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದರು. ಕಣ್ಣು ಮೊರದಲ್ಲಿರುತ್ತಿತ್ತು. ಒಮ್ಮೊಮ್ಮೆ ತಡೆಯಲಾರದೆ ತಲೆಯೆತ್ತಿ, ಯಾರದೋ ಬಳೆಯನ್ನೋ ಚಪ್ಪಲಿಯನ್ನೋ ನೋಡಿ ಬಾಯಿ ತೆರೆಯುತ್ತಿದ್ದರು. ಆಮೇಲೆ ಅದರೊಳಗೆ ಒಂದು ಶೇಂಗಾ ಹಾಕಿಕೊಳ್ಳುತ್ತಿದ್ದರು.

ಇಷ್ಟರಲ್ಲಿ ಮುಂಡಗೋಡದಿಂದ ಹುಡುಗನ ತಾಯಿ ಬರುವ ದಿನ ಬಂತು. ನಾವು ಬೆಳಿಗ್ಗೆಯೇ ಬರುತ್ತಾರೆಂದುಕೊಂಡಿದ್ದೆವು. 'ಬೆಳಿಗ್ಗೆ ಬಂದು ಗಂಜಿಯ ಸಾಲು ನಿಲ್ಲುವ ಮೊದಲೇ ಹೋಗಿಬಿಡಲಿ' ಎಂದು ಮಾವನವರು ದೇವರಿಗೆ ಕೈಮುಗಿದದ್ದನ್ನು ನಾನು ಕೇಳಿದ್ದೆ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಅವರು ಮನೆ ಮುಟ್ಟಿದ್ದು ಸರಿಯಾಗಿ ಗಂಜಿಯ ಹೊತ್ತಿಗೆ. ಜೊತೆಗೆ ಅದೇ ಹಿರಿಯರು.

ತಾಯಿ ನೀಳವಾದ, ತೆಳ್ಳಗಿನ ಹೆಂಗಸು. ಇಳಕಲ್ ಸೀರೆ ಹಳೆಯದು, ಮಡಿಕೆ ಮಾತ್ರ ಮುರಿದಿರಲಿಲ್ಲ. ಒಳಗೆ ಸೆಕೆ ಎಂದು ಕಟ್ಟೆಯ ಮೇಲೆಯೇ ಕೂತರು. ನಾದಿನಿ ಬಂದು ನಮಸ್ಕಾರ ಮಾಡಿದಳು, ಅವರು ಅವಳ ಗದ್ದ ಹಿಡಿದು ನೋಡಿ ನಕ್ಕರು. ನಾನು ಚಹಾ ತಂದಿಟ್ಟೆ. ಆಮೇಲೆ ಅವರ ಕಣ್ಣು ಸಾಲಿನ ಮೇಲೆ ಹೋಯಿತು. ಸಾಲಿನ ಕೊನೆಯಲ್ಲಿ, ಕಟ್ಟೆಗೆ ಕೈಯಳತೆಯಲ್ಲಿ, ಮೆಕ್ಯಾನಿಕ್‌ನ ಹೆಂಡತಿ ನಮ್ಮ ದೊಡ್ಡ ಬೋಗುಣಿ ಹಿಡಿದು ನಿಂತಿದ್ದಳು. ಅತಿಥಿಗಳು ಯಾರೆಂದು ಅವಳಿಗೆ ತಿಳಿಯಿತು. ಬೋಗುಣಿಯನ್ನು ಮೆಲ್ಲಗೆ ಹೊಟ್ಟೆಯ ಕಡೆ ತಿರುಗಿಸತೊಡಗಿದಳು.

"ಅದು ನಿಮ್ಮ ಬೋಗುಣಿ ಏನ್ರಿ?" ಎಂದು ಹುಡುಗನ ತಾಯಿ ಕೇಳಿದರು.

ಮಾವನವರು ಕೆಮ್ಮಿದರು. ಆಹೇರಿಯ ಕತೆ ಅವರ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಹೇಳಿದ್ದರೆ ಯಾವ ತಕರಾರೂ ಇರುತ್ತಿರಲಿಲ್ಲ. ಅತ್ತೆಯವರು ಅವರ ಬಾಯಿ ತೆರೆಯಗೊಡಲಿಲ್ಲ.

"ಹೌದ್ರಿ, ನಮ್ಮದ. ನಮ್ಮ ಅಡಗೀಮನೀದು. ಗಂಜಿ ಒಯ್ಯಾಕ ಅಂತ ನಾನ ಕೊಟ್ಟೀನಿ. ಆಕಿ ನಮ್ಮ ಮನಿಯಾಕಿ ಅಂತ ತಿಳೀರಿ." ಆಮೇಲೆ ಸಾಲಿನ ಕಡೆ ತಿರುಗಿ, "ತಿರಗಸಬ್ಯಾಡ ಬೀಬಿ, ಸುಡತೈತಿ" ಎಂದರು.

ಬಾಗಿಲಲ್ಲಿ ನಾದಿನಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹಿರಿಯರು ಚಹಾ ಬಸಿಯನ್ನು ಕೆಳಗಿಟ್ಟರು. ಹುಡುಗನ ತಾಯಿ ತಮ್ಮ ಬಸಿಯ ಚಹಾ ಕುಡಿದು ಮುಗಿಸಿದರು, ಸೆರಗಿನ ತುದಿಯಿಂದ ತುಟಿ ಒರೆಸಿಕೊಂಡರು.

"ಮುಂಡಗೋಡದಾಗೂ ಗಂಜಿ ಹಾಕತಾರ್ರಿ" ಎಂದರು. "ನಮ್ಮ ಮನಿ ಬೋಗುಣೀನೂ ನಿಲ್ಲತೈತಿ."

"ನೀವೂ ಯಾರಿಗರ ಕೊಟ್ಟೀರೇನ್ರಿ?" ಎಂದು ಮಾವನವರು ಹುರುಪಿನಿಂದ ಕೇಳಿದರು.

"ಇಲ್ರಿ. ನಾನ ಹಿಡಕೊಂಡು ನಿಲ್ಲತೇನಿ. ಬತ್ತ ಕೈಗಿ ಹತ್ತಲಿಲ್ಲ. ಮಗ ದುಡದು ರೊಕ್ಕ ಕಳಸತಾನ, ರೊಕ್ಕಕ್ಕ ಕಾಳು ಸಿಗಬೇಕಲ್ಲ? ಇದನ್ನ ಹೇಳದ ಲಗ್ನದ ಮಾತು ಆಡೂದು ಹೆಂಗ ಅಂತ ಬಸ್ಸಿನ್ಯಾಗ ಕುಂತು ವಿಚಾರ ಮಾಡಾಕತ್ತಿದ್ದೆ. ನೀವ ಮೊದಲ ಹೇಳಿದ್ರಿ, ನನಗ ಹಗರಾತು."

ಹಿರಿಯರಿಗೂ ಇದು ಗೊತ್ತಿರಲಿಲ್ಲವೆಂದು ಕಾಣುತ್ತದೆ, ಅವರು ಕಟ್ಟೆಯ ಸೂರಿನ ತೊಲೆಗಳನ್ನು ನೋಡತೊಡಗಿದರು. ಮಾವನವರು ಅತ್ತೆಯವರನ್ನು ನೋಡಿದರು. ನಾವೆಲ್ಲರೂ ಅತ್ತೆಯವರನ್ನೇ ನೋಡಿದೆವು. ನಾದಿನಿಯ ಉಗುರು ನನ್ನ ಅಂಗೈಯಲ್ಲಿ ನಾಟಿತ್ತು. ಅತ್ತೆಯವರು ಹುಡುಗನ ತಾಯಿಯ ಸೀರೆ ನೋಡಿದರು, ಬಳೆಯಿಲ್ಲದ ಮಣಿಕಟ್ಟು ನೋಡಿದರು, ಎಣ್ಣೆ ಹಚ್ಚಿ ಬಾಚಿದ ತಲೆ ನೋಡಿದರು. ಮೊರದಿಂದ ಒಂದು ಶೇಂಗಾ ತೆಗೆದು ಸುಲಿದು ಅವರ ಕೈಗೆ ಹಾಕಿದರು.

"ಅಲ್ಲೆ ಗಂಜಿ ದಪ್ಪ ಇರತೈತೇನ್ರಿ ಬೀಗತಿ?" ಎಂದು ಕೇಳಿದರು. "ಇಲ್ಲೆ ಬರೇ ನೀರು ಹಾಕತಾರ."

"ಎಲ್ಲಾ ಕಡೆ ಹಂಗರಿ. ಮ್ಯಾಲಿಂದು ನೀರ ಇರತೈತಿ. ಸೌಟು ತಳಕ್ಕ ಬಿಟ್ಟು ಹಾಕು ಅಂತ ನಿಂತು ಹೇಳಬೇಕು, ಸಂಕೋಚ ಮಾಡಬಾರದು."

ಅತ್ತೆಯವರು ಎದ್ದು ನಿಂತರು. ಬೀದಿಯ ಆಚೆಗೆ ಕೇಳುವಂತೆ, ಒಮ್ಮೆ ಇದೇ ಸಾಲನ್ನು ಬೈದ ದನಿಯಲ್ಲಿಯೇ ಕೂಗಿದರು.

"ಏ, ತಳದಿಂದ ಹಾಕಂತ ಹೇಳ್ರೇ! ಎಲ್ಲಾರೂ ಹೇಳ್ರಿ!"

ಸಾಲಿನಲ್ಲಿದ್ದವರೆಲ್ಲ ನಮ್ಮ ಕಟ್ಟೆಯ ಕಡೆ ತಿರುಗಿ ನೋಡಿದರು. ಧರ್ಮಶಾಲೆಯ ಬಾಗಿಲಲ್ಲಿ ಬಡಿಸುವವನು ಒಂದು ಕ್ಷಣ ನಿಂತ, ಆಮೇಲೆ ಸೌಟನ್ನು ಹಂಡೆಯ ತಳದವರೆಗೂ ಇಳಿಸಿದ.